ಅಮೃತದ ನೋಟ್‌ಬುಕ್

ಮಾನ್ವಿ

ದೇವದುರ್ಗದ ಅಕ್ಕ ಮಹತಿಗೆ ಸಂಕರ್ಷಣನ ನಮಸ್ಕಾರ.

ಅಪ್ಪ ಪಾಠಕ್ಕೆಂದು ‘ಅಮೃತ’ ಪದದ ಅರ್ಥಗಳನ್ನು ಬರೆದಿಟ್ಟ ನೋಟ್‌ಬುಕ್ ಸಿಕ್ಕಿತು. ಹಾಲು, ತುಪ್ಪ, ಯಜ್ಞದಲ್ಲಿ ಉಳಿದದ್ದು, ಬೇಡದೆ ಬಂದ ಅನ್ನ, ಸಾವಿಲ್ಲದ್ದು. ಗ್ರೀಕರ ದೇವತೆಗಳ ಆಹಾರ ಆಂಬ್ರೋಸಿಯಾ ಕೂಡ ಅದೇ ಬೇರಿನದಂತೆ.

ನಿನಗೆ ಹೇಳದ ಮಾತೊಂದಿದೆ. ರಾಯಚೂರಿನ ಆಸ್ಪತ್ರೆಯಲ್ಲಿ ಕೊನೆಯ ಸಂಜೆ ಅಪ್ಪ, “ಒಂದ್ ಗುಟುಕು ನೀರು ಕೊಡೋ” ಅಂದರು. ಡಾಕ್ಟರು ಬೇಡ ಅಂದಿರಲಿಲ್ಲ. ಅರವತ್ತು ವರ್ಷ ಏಕಾದಶಿಗೆ ನೀರೂ ಮುಟ್ಟದವರ ವ್ರತ ಕೆಡಬಾರದೆಂದು ನಾನೇ, “ಇವತ್ತು ಏಕಾದಶಿ ಅದ, ನಾಳೆ ಪಾರಣಿಗೆ ಕೊಡ್ತೀನಪ್ಪಾ” ಅಂದೆ. ಅವರು ತಲೆಯಾಡಿಸಿದರು. ದ್ವಾದಶಿಯ ಬೆಳಗನ್ನು ಕಾಣಲಿಲ್ಲ.

ನೋಟ್‌ಬುಕ್ ನಿನ್ನ ಹತ್ತಿರವೇ ಇರಲಿ. ಇಲ್ಲಿದ್ದರೆ ನಾನು ಮತ್ತೆ ಮತ್ತೆ ಮೊದಲ ಪುಟ ತೆಗೆಯುತ್ತೇನೆ. ಅಲ್ಲಿ ಅಪ್ಪ ಬರೆದ ಮೊದಲನೆಯ ಅರ್ಥ, ನೀರು.

ನಿನ್ನ ತಮ್ಮ,
ಸಂಕರ್ಷಣ