‘ಮೂರನೇ ಪಾಳಿ’ಯವರ ಬೀಳ್ಕೊಡುಗೆ

ಹುಣಸಮಾರನಹಳ್ಳಿ
ದಿನಾಂಕ: 17-8-2025, ಭಾನುವಾರ

೧. ಬರೆಯುವವರು: ಮುನಿಆಂಜಿನಪ್ಪ, ವಯಸ್ಸು ಎಪ್ಪತ್ತಾರು, ಮಾಜಿ ಪಂಚಾಯ್ತಿ ಸದಸ್ಯರು.
೨. ಯಾರಿಗೆ: ಕುಮಾರಿ ಪದ್ಮಶ್ರೀ, ವಯಸ್ಸು ಇಪ್ಪತ್ತನಾಲ್ಕು. ಹಾಲಿ ವಾಸ ಆರ್.ಟಿ. ನಗರ, ಗೆಳತಿಯ ಮನೆ. ಖಾಯಂ ವಾಸ ಇದೇ ಮನೆ.
೩. ಇವರಿಬ್ಬರ ಸಂಬಂಧ: ಸದ್ಯಕ್ಕೆ ಖಾಲಿ ಬಿಟ್ಟಿದೆ. ಕಾರಣವನ್ನು ಕೊನೆಯಲ್ಲಿ ನಿವೇದಿಸಿದೆ.
೪. ವಿಷಯ: ಕಳೆದ ಆಷಾಢದಲ್ಲಿ ನಮ್ಮ ಕಲ್ಯಾಣ ಮಂಟಪದಲ್ಲಿ ನಡೆದ ‘ಮೂರನೇ ಪಾಳಿ’ ಎಂಬ ರಾಕ್ ತಂಡದ ಕಡೆಯ ಕಾರ್ಯಕ್ರಮ ಕೆಟ್ಟುಹೋದ ಬಗ್ಗೆ.

ಚಿರಂಜೀವಿ ಪದ್ಮಶ್ರೀಗೆ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಜ್ಜಿಯ ಮಂಡಿನೋವು ಇದ್ದ ಹಾಗೇ ಇದೆ. ಬಾಯಿಯೂ ಇದ್ದ ಹಾಗೇ ಇದೆ. ಈ ಕಾಗದ ತಡವಾದದ್ದಕ್ಕೆ ಮನ್ನಿಸಬೇಕು. ಮೊದಲು ನೀನೇ ಬರುವೆಯೆಂದು ಕಾದೆ. ಆಮೇಲೆ ಶ್ರಾವಣ ಹುಟ್ಟಿತು, ಮಂಟಪದಲ್ಲಿ ಮದುವೆಗಳು ಶುರುವಾದವು. ನಿನ್ನ ಅಪ್ಪ ಕರೆ ಮಾಡಿದರೆ ಎತ್ತುತ್ತೀಯೆಂದೂ ನನ್ನ ನಂಬರು ಕಂಡರೆ ಎತ್ತುವುದಿಲ್ಲವೆಂದೂ ಮನವರಿಕೆಯಾದ ಮೇಲೆ ಬರೆಯಲು ಕುಳಿತಿದ್ದೇನೆ. ನಿನ್ನ ಅಜ್ಜಿ ಅಡುಗೆಮನೆಯಿಂದಲೇ, “ಇಂಗೆ ಕುಂತ್ಕಂಡು ಕಾಗ್ದ ಗೀಚೋ ಬದ್ಲು ಬಸ್ ಅತ್ಕಂಡು ಓಗಿ ಮಗೀನ ಕರ್ಕಂಬರಬಾರ್ದಾ?” ಎನ್ನುತ್ತಿದ್ದಾಳೆ. ಹೋಗಬಹುದು. ಆದರೆ ಎದುರಿಗೆ ನಿಂತರೆ ನನಗೆ ಮಾತು ಜೋಡಿಸಲು ಬರುವುದಿಲ್ಲ. ಹಿಂದೆ ತಾಲ್ಲೂಕು ಕಚೇರಿಯ ಮುಂದೆ ಮರದಡಿ ಕುಳಿತು ಅರ್ಜಿ ಬರೆಯುತ್ತಿದ್ದವರನ್ನು ನೋಡಿ ನಾನು ಬರವಣಿಗೆ ಕಲಿತವನು. ಪ್ರೀತಿಗಾದರೂ ಫಿರ್ಯಾದಿಗಾದರೂ ನನ್ನ ಬಳಿ ಇರುವುದು ಅದೊಂದೇ ಭಾಷೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆಂದು ಬೇಸರಿಸಬೇಡ. ನನಗೆ ಎಷ್ಟು ಗೊತ್ತಿತ್ತು ಎಂಬುದು ನಿನಗೆ ತಿಳಿಯಲಿ ಎಂಬುದಷ್ಟೇ ಉದ್ದೇಶ.

ಎರಡು ವರ್ಷದ ಕೆಳಗೆ ಒಂದು ಸಂಜೆ ಮನೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು, ನಿನ್ನ ಇಯರ್‌ಫೋನಿನ ಒಂದು ಗುಂಡಿಯನ್ನು ನನ್ನ ಕಿವಿಗೆ ಸಿಕ್ಕಿಸಿದೆ. “ತಾತ, ಇದನ್ನ ಇಲ್ಲೀತನ್ಕ ನೂರೇ ಜನ ಕೇಳಿರೋದು. ನೀನು ನೂರೊಂದನೇವ್ನು” ಎಂದೆ. ನಾನು ಕೇಳಿ, “ಇದೇನಮ್ಮ, ವಾದ್ಯಗಳೆಲ್ಲ ಜಗಳ ಆಡ್ತಾ ಅವೆ?” ಎಂದೆ. “ಜಗಳ ಅಲ್ಲ ತಾತ, ಪಂಚಾಯ್ತಿ. ತಾಳು, ಕೊನೇಲಿ ರಾಜಿ ಆಗ್ತವೆ.” ನಿಜಕ್ಕೂ ರಾಜಿಯಾದವು. ಜೀವಮಾನದಲ್ಲಿ ಎಷ್ಟೋ ಪಂಚಾಯ್ತಿ ಮಾಡಿದ್ದೇನೆ. ಅಷ್ಟು ಹಸನಾದ ರಾಜಿ ಕಂಡಿರಲಿಲ್ಲ. ಅಂದು ಹಾಗೆಂದು ಒಪ್ಪಿಕೊಳ್ಳಲಿಲ್ಲ, ಅಷ್ಟೆ.

ಅಲ್ಲಿಂದ ವಾರಕ್ಕೊಂದು ಹೊಸ ತಂಡದ ಸುದ್ದಿ ತಂದೆ. ಧಾರವಾಡದ ಹಾಸ್ಟೆಲಿನ ಹುಡುಗರು, ಈಶಾನ್ಯದ ಬೆಟ್ಟಗಳ ಕಡೆಯ ಒಬ್ಬ ಒಂಟಿ ಗಾಯಕ, ಯಶವಂತಪುರದ ಮೂವರು ಹುಡುಗಿಯರು. ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಅದೇ ನಿನಗೆ ಹೆಮ್ಮೆ. ನಲವತ್ತು ಜನರ ನಡುವೆ ನಿಂತು ಕೂಗಿ, ಮನೆಗೆ ಬರುವಾಗ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದೆ. ನಿನ್ನ ಅಜ್ಜಿಗೂ ಕೇಳಿಸಿದೆ. “ಮಾರಮ್ಮನ್ ಅಬ್ಬದಾಗೆ ತಮಟೆ ಒಡ್ದಂಗೈತೆ ಕಣೇ. ಮುಂದುಕ್ಕೆ ಆಕು” ಎಂದಳು.

ಎಲ್ಲರಿಗಿಂತ ನೀನು ಹಚ್ಚಿಕೊಂಡದ್ದು ಮೂರನೇ ಪಾಳಿಯವರನ್ನು. ವಿಜಯಪುರದ ಕಡೆಯ ಶಿವಪುತ್ರ ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾ ಹಾಡು ಕಟ್ಟುವವನು, ಡ್ರಮ್ಸ್ ಬಾರಿಸುವ ಉಮೇಶ್ ಶೆಟ್ಟಿಹಳ್ಳಿಯವನು, ಇನ್ನಿಬ್ಬರು ಗಿಟಾರಿನವರು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ. ಸಿನಿಮಾ ಹಾಡು ಹೇಳಿದರೆ ಮಾತ್ರ ವೇದಿಕೆ ಎಂದ ಪಬ್ಬುಗಳ ಮೆಟ್ಟಿಲು ಇಳಿದು ಬಂದವರು. ‘ಗೊರಗುಂಟೆಪಾಳ್ಯದ ಕೆಂಪು ದೀಪವೇ, ನನಗೂ ಅವಸರವಿಲ್ಲ’ ಎಂಬ ಅವರ ಹಾಡು ಆ ಸಿಗ್ನಲಿನಲ್ಲಿ ಕಾರು ನಿಂತಾಗಲೆಲ್ಲ ಈಗ ನನ್ನ ಬಾಯಿಗೆ ಬರುತ್ತದೆ. ಇದನ್ನು ನಿನ್ನ ಅಪ್ಪನಿಗೆ ಹೇಳಬೇಡ.

ಮೇ ತಿಂಗಳಲ್ಲಿ ನೀನು ಬಂದು ಕೇಳಿದೆ. “ತಾತ, ಆಷಾಢದಲ್ಲಿ ಮದ್ವೆ ಇರಲ್ಲ, ಮಂಟಪ ಖಾಲಿ ಹೊಡೀತಿರುತ್ತೆ. ಒಂದ್ ಸಂಜೆ ಕೊಡ್ತೀಯಾ? ಶಿವಪುತ್ರ ಕೆಲಸ ಬಿಟ್ಟು ಊರಿಗ್ ಹೋಗ್ತಿದಾನೆ, ಇದು ಅವರ ಕೊನೇ ಶೋ. ಒಂದ್ ಹೊಸಾ ಹಾಡಿದೆ, ಯಾರೂ ಕೇಳಿಲ್ಲ. ಕೊನೇಲಿ ಅದನ್ನ ಹಾಡಿ ಮುಗಿಸ್ತಾರೆ.”

“ಏನೇನು ಅಣಿ ಮಾಡಿಸ್ಬೇಕು?” ಎಂದೆ.

“ಏನೂ ಬೇಡ. ಕುರ್ಚಿ ತೆಗೆಸಿದ್ರೆ ಸಾಕು, ನಿಂತ್ಕೊಂಡೇ ಕೇಳೋದು.”

ಪದ್ಮಶ್ರೀ, ನಮ್ಮ ಕಡೆಯ ಪಂಕ್ತಿಯಲ್ಲಿ ‘ಬೇಡ’ ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೇ ಅಲ್ಲವೇ ಇನ್ನೊಂದು ಸೌಟು ಬಡಿಸುವುದು? ಬೇಡವೆಂದದ್ದನ್ನು ಬೇಡವೆಂದೇ ತಿಳಿದರೆ ಮನೆಯವರಿಗೆ ಅವಮಾನ. ನಾನು ಹಾಗೆಯೇ ಬೆಳೆದವನು. ಕಡೆಯ ಕಾರ್ಯಕ್ರಮವೆಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೈ ಬಿಗಿ ಹಿಡಿಯಲಿಲ್ಲ. ನಾಲ್ಕು ವರ್ಷ ಹಾಡಿದ ಹುಡುಗರು ಒಂದು ಹಾರವಿಲ್ಲದೆ ಚದುರಿಹೋಗುವುದು ನಮ್ಮ ಮಂಟಪಕ್ಕೆ ಶೋಭೆಯಲ್ಲವೆಂದುಕೊಂಡೆ.

ಆದ ಕಾರಣ ನೀನು ತೆಗೆಸಿದ್ದ ಕುರ್ಚಿಗಳನ್ನು ಮಧ್ಯಾಹ್ನ ಮತ್ತೆ ಹಾಕಿಸಿದೆ. ಗೇಟಿಗೆ ಫ್ಲೆಕ್ಸ್ ಕಟ್ಟಿಸಿದೆ. ಅದರಲ್ಲಿ ನನ್ನ ಫೋಟೋ ದೊಡ್ಡದಾಗಿ, ಊರ ಮುಖಂಡರದು ಸಾಲಾಗಿ ಬಂದು, ತಂಡದ ಹೆಸರು ಕೆಳಗಿನ ಅಂಚಿಗೆ ಹೋಗಿತ್ತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ತರಿಸಿದೆ. ಆ ಮುಖಂಡರಲ್ಲೇ ಹಿರಿಯರಾದ ಅನಂತರಾಜು ಅವರನ್ನು ಅಧ್ಯಕ್ಷತೆಗೆ ಕರೆದೆ. ನೀನು ಗೇಟಿನಲ್ಲಿ ನಿಂತು ಫ್ಲೆಕ್ಸನ್ನು ಮೇಲಿನಿಂದ ಕೆಳಗಿನ ಅಂಚಿನವರೆಗೆ ಎರಡು ಸಲ ನೋಡಿದೆ. ಸಂತೋಷಕ್ಕೆ ಮತ್ತೆ ಮತ್ತೆ ನೋಡುತ್ತಿದ್ದೀಯೆಂದು ಭಾವಿಸಿದೆ.

ಆರೂವರೆಗೆ ಜನ ಬಂದರು. ಅಧ್ಯಕ್ಷರು ಬಂದದ್ದು ಎಂಟಕ್ಕೆ. ಅವರು ಬರುವ ಮೊದಲು ಆರಂಭಿಸುವಂತಿರಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಆದ ಮೇಲೆ ಅವರು ಯುವಜನರ ಕರ್ತವ್ಯದ ಮೇಲೆ ಮಾತನಾಡುತ್ತಾ ಹೋದರು. ಬಸ್ಸು ತಪ್ಪುತ್ತದೆಂದು ಕೆಲವರು ಎದ್ದುಹೋದರು. ಪೇಟ ತೊಟ್ಟ ಉಮೇಶ್ ವೇದಿಕೆಯ ಮೇಲೇ ಪಕ್ಕದವನಿಗೆ, “ಮಗಾ, ಇದನ್ ಹಾಕ್ಕೊಂಡು ಡ್ರಮ್ಸ್ ಹೊಡಿಯೋಕಾಗುತ್ತೇನೋ?” ಎಂದ. “ಒಳ್ಳೆ ಮದ್ವೆ ಗಂಡ್ ಥರ ಇದೀಯ ಗುರು, ಹುಡುಗಿ ಒಬ್ಳು ಬಾಕಿ” ಎಂದ ಅವನು. ನಾನು ನಕ್ಕೆ. ಶಿವಪುತ್ರ ಮಾತ್ರ ನನ್ನ ಕಾಲು ಮುಟ್ಟಿ, “ನಮ್ಮ ಮನ್ಯಾಗ ಸುದ್ದಾ ಯಾರೂ ಹಿಂಗ ಶಾಲು ಹೊಚ್ಚಿಲ್ರೀ ಅಜ್ಜಾರ” ಎಂದ. ನಿನ್ನ ಕಡೆ ನೋಡಿದೆ. ನೀನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ಅವರು ವಾದ್ಯ ಹಿಡಿದಾಗ ಒಂಬತ್ತೂವರೆ. ಧ್ವನಿವರ್ಧಕಕ್ಕೆ ಹತ್ತರವರೆಗೆ ಮಾತ್ರ ಅನುಮತಿ. ಆ ಅರ್ಜಿಯನ್ನೂ ನಾನೇ ಬರೆದಿದ್ದೆ. ಗೊರಗುಂಟೆಪಾಳ್ಯದ ಹಾಡು ಬಂದಾಗ ಹುಡುಗರು ಕುರ್ಚಿಗಳನ್ನು ತಾವೇ ಬದಿಗೆ ಸರಿಸಿ ಕುಣಿದರು; ನೀನೂ ಅವರ ನಡುವೆ ಹೋದೆ. ಆಮೇಲೆ ಶಿವಪುತ್ರ ಮೈಕಿನಲ್ಲಿ, “ಈಗ ಹೊಸಾದ್ದು” ಎಂದ. ಅವನು ತಂತಿ ಮೀಟಿದ. ಅಷ್ಟರಲ್ಲಿ ಠಾಣೆಯ ಪೇದೆ ಬಾಗಿಲಿಗೆ ಬಂದು ವಿನಯವಾಗಿಯೇ, “ಯಜಮಾನ್ರೇ, ಟೈಮಾಯ್ತು” ಎಂದ. ಒಂದು ಹಾಡಿಗೆ ಅವನು ಬಿಡುತ್ತಿದ್ದನೇನೋ. ನಾನು ಕೇಳಲಿಲ್ಲ. ಅನಂತರಾಜು ಪಕ್ಕದಲ್ಲಿದ್ದರು, ಸ್ವಂತ ಮಂಟಪದಲ್ಲಿ ಒಬ್ಬ ಪೇದೆಯನ್ನು ಬೇಡುವುದು ನನ್ನಿಂದಾಗಲಿಲ್ಲ. ಹಿಂದಿನ ಸ್ವಿಚ್ ರೂಮಿಗೆ ಹೋಗಿ ಮೇನ್ ಎಳೆದವನು ನಾನೇ.

ನಿನ್ನ ಸಿಟ್ಟು ನ್ಯಾಯವಾದದ್ದು ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಸಮಾಚಾರ. ಊರಿಗೆ ಹೊರಡುವ ಮೊದಲು ಶಿವಪುತ್ರ ಗಿಟಾರು ಹೊತ್ತು ನಮ್ಮ ಮನೆಗೆ ಬಂದಿದ್ದ. ನಿನ್ನ ಅಜ್ಜಿ ಮುದ್ದೆ ಇಕ್ಕಿದಳು. ಅವನಿಗೆ ನುಂಗಲು ಬರಲಿಲ್ಲ, ಅಗಿದ. “ಅಯ್ಯೋ, ಅಗೀಬ್ಯಾಡ ಕಣಪ್ಪ, ನುಂಗು” ಎಂದರೆ, “ರೊಟ್ಟಿ ತಿನ್ನೋ ಹಲ್ಲು ಸುಮ್ನ ಕೂಡಂಗಿಲ್ಲಬೇ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಾರ, ಅವತ್ತ ನಿಂತ ಹಾಡು ಇಲ್ಲೇ ಹಾಡ್ಲೇನ್ರೀ? ಕರೆಂಟ್ ಬೇಕಾಗಿಲ್ಲ” ಎಂದು ಗಿಟಾರು ತೊಡೆಯ ಮೇಲೆ ಇಟ್ಟುಕೊಂಡ. ಬೇಡಪ್ಪ ಎಂದೆ. ಅದನ್ನು ಮೊದಲು ಕೇಳಬೇಕಾದವಳು ಮನೆಯಲ್ಲಿಲ್ಲ ಎಂದೆ. ಅವನು ಬಲವಂತ ಮಾಡಲಿಲ್ಲ. ನಮ್ಮವರಂತೆ ಇನ್ನೊಂದು ಸೌಟು ಬಡಿಸಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕಿ, “ಹಂಗಾರ ಅವರು ಕರದಾಗ ಬರ್ತೀನ್ರೀ. ಉಮೇಶಗೂ ಹೇಳೀನಿ” ಎಂದು ಹೊರಟ. ಆ ಹಾಡು ಇನ್ನೂ ಯಾರೂ ಕೇಳದೆ ಹಾಗೇ ಇದೆ.

ಡಿಸೆಂಬರಿನಲ್ಲಿ ಧನುರ್ಮಾಸ ಹಿಡಿದರೆ ಮತ್ತೆ ಮದುವೆಗಳಿಲ್ಲ. ಆ ತಿಂಗಳು ಪೂರ್ತಿ ಮಂಟಪ ಯಾರಿಗೂ ಕೊಡಬಾರದೆಂದು ನಿನ್ನ ಅಪ್ಪನಿಗೆ ಹೇಳಿದ್ದೇನೆ. ದಿನವನ್ನು ನೀನೇ ಗೊತ್ತು ಮಾಡಿ ಅವನನ್ನು ಕರೆಸು. ಫ್ಲೆಕ್ಸ್ ಇರುವುದಿಲ್ಲ, ಅಧ್ಯಕ್ಷರು ಇರುವುದಿಲ್ಲ. ಕುರ್ಚಿಯೂ ಇರುವುದಿಲ್ಲ. ನಿನ್ನ ಅಜ್ಜಿಯ ಮಂಡಿಗೆ ಒಂದು ಮಾತ್ರ ಬೇಕಾಗಬಹುದು, ಅದಕ್ಕೆ ನಿನ್ನ ಅನುಮತಿ ಕೋರುತ್ತೇನೆ. ನಾನು ನಿಲ್ಲುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಟಲು ಜೋಪಾನ. ಭಗವಂತನು ನಿನಗೆ ಆಯುರಾರೋಗ್ಯ ಕೊಟ್ಟು, ಯಾರೂ ಕೇಳದ ಹಾಡುಗಳೆಲ್ಲ ಮೊದಲು ನಿನ್ನ ಕಿವಿಗೇ ಬೀಳುವಂತೆ ಮಾಡಲಿ.

ಮತ್ತೆ ಬರೆದದ್ದು: ಮೇಲಿನದನ್ನೆಲ್ಲ ನಿನಗೆ ಓದಲು ಬರೆದೆ. ಇದನ್ನು ಬರೆಯದೆ ಇರಲಾರದೆ ಬರೆಯುತ್ತಿದ್ದೇನೆ. ಅಂದು ಮೇನ್ ಎಳೆದ ಮೇಲೆ ಕತ್ತಲಲ್ಲಿ ಸ್ವಿಚ್ ರೂಮಿನ ಬಾಗಿಲಲ್ಲೇ ನಿಂತಿದ್ದೆ. ನೀನೂ ನಿನ್ನ ಗೆಳತಿಯೂ ಆ ಕಡೆ ಬಂದಿರಿ. ಅವಳು, “ಯಾರೇ ಅದು ಆಫ್ ಮಾಡಿದ್ದು, ಆ ಪೇಟ ಹಂಚಿದ್ ಮುದುಕಾನಾ? ಅವ್ರು ನಿಮ್ಮೋರಾ?” ಎಂದು ಕೇಳಿದಳು. ನೀನು, “ಅಲ್ಲ. ಹಾಲ್ ಓನರ್” ಎಂದೆ. ನನ್ನ ಕಿವಿ ಇನ್ನೂ ಚುರುಕಾಗಿದೆ, ಪದ್ಮಶ್ರೀ. ಕಾರ್ಯಕ್ರಮ ಕೆಟ್ಟದ್ದಕ್ಕೆ ನೀನು ಏನು ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ. ಇದೊಂದನ್ನು ಮಾತ್ರ ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಮೇಲಿನ ಮೂರನೆಯ ಕಲಮನ್ನು ನೀನು ಬಂದು ನಿನ್ನ ಕೈಯಿಂದಲೇ ತುಂಬುವವರೆಗೆ ಕೆಳಗೆ ಹೀಗೆಯೇ ಸಹಿ ಮಾಡಬೇಕಾಗಿದೆ.

ಇಂತಿ,
(ಸಹಿ) ಮುನಿಆಂಜಿನಪ್ಪ
ಹಾಲ್ ಓನರ್

ಲಗತ್ತು: ಕಲ್ಯಾಣ ಮಂಟಪದ ಸ್ವಿಚ್ ರೂಮಿನ ಬೀಗದ ಕೈ, ಒಂದು. ಇದರ ಜೋಡಿ ನನ್ನ ಬಳಿ ಇಲ್ಲ.