ಹನ್ನೆರಡು ಮೂತಿ, ಒಂದು ಹಂಡೆ ನೀರು

೬ ಜುಲೈ ೨೦೦೯, ಸೋಮವಾರ
ಮೂಗಿನ ಲಸಿಕೆಯ ಮೊದಲ ಡೋಸ್ ಮುಗಿಯಿತು. ಹನ್ನೆರಡು ಹಂದಿ, ಇಪ್ಪತ್ತನಾಲ್ಕು ಹೊಳ್ಳೆ. ವಾಡಿಯ ರೈಲ್ವೆ ಕ್ವಾರ್ಟರ್ಸ್ ಹಿಂದೆ ಸಾಬಮ್ಮನ ದೊಡ್ಡಿ. ಪುಣ್ಯಾತ್ಗಿತ್ತಿ ಒಂದೊಂದಕ್ಕೂ ರೈಲಿನ ಹೆಸರಿಟ್ಟಿದ್ದಾಳೆ. ಉದ್ಯಾನ್, ಕೋಣಾರ್ಕ್, ಮದ್ರಾಸ್ ಮೇಲ್... ನಾನು ಕಿವಿಗೆ ನಂಬರ್ ಹಾಕಿದೆ. ಅವಳಿಗೆ ನಂಬರ್ ಓದಲು ಬಾರದು, ನನಗೆ ಮುಖ ಗುರುತು ಸಿಗದು. ಇಬ್ಬರೂ ಸೇರಿದರೆ ಕೆಲಸ ನಡೆಯುತ್ತದೆ.

ಮೂತಿಗೆ ಹಗ್ಗದ ಕುಣಿಕೆ ಬಿಗಿ, ಹೊಳ್ಳೆಗೆ ಸ್ಪ್ರೇ ಹೊಡಿ — ಪುಸ್ತಕದಲ್ಲಿದ್ದ ಹಾಗೇ ಮಾಡಿದೆ. ಕಿರುಚಾಟ ಸ್ಟೇಷನ್‌ವರೆಗೂ ಕೇಳಿತಂತೆ. ಎರಡು ಮಾತ್ರ ಹೊಟ್ಟೆ ತುಂಬಿ ಗೊರಕೆ ಹೊಡೆಯುತ್ತಿದ್ದವು. ಅವಕ್ಕೆ ಕುಣಿಕೆಯೇ ಬೇಕಾಗಲಿಲ್ಲ.

ಸಂಜೆ ಶಹಾಬಾದ್‌ಗೆ ವಾಪಸ್. ಅಜ್ಜಿ ಸೀತಾಬಾಯಿ ಹಿತ್ತಲಲ್ಲೇ ತಡೆದಳು. ಮೊದಲೇ ಅವಳ ಮಡಿ, ಅದರ ಮೇಲೆ ಚಾತುರ್ಮಾಸ್ಯ. ತಲೆ ಮೇಲೆ ನೀರು ಬಿದ್ದ ಮೇಲೇ ಒಳಗೆ ಪ್ರವೇಶ. ಹಂದಿ ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ‘ಅವು’ ಎನ್ನುತ್ತಾಳೆ.

೭ ಜುಲೈ
ಔಷಧದಲ್ಲಿ ಏನಿದೆ ಎಂದು ಸಾಬಮ್ಮ ಕೇಳಿದಳು. ಫ್ಲೂ ವೈರಸ್ಸನ್ನು ಕೊಂದು, ಅದರ ಚೂರುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ತುಂಬಿದ್ದೇವೆ, ಮೂಗಿನ ಬಾಗಿಲಲ್ಲೇ ಕಾವಲು ನಿಲ್ಲಿಸುವ ಉಪಾಯ ಎಂದೆ. ಅಷ್ಟು ಸಣ್ಣದ್ದಕ್ಕೆ ಇಷ್ಟು ದೊಡ್ಡ ಐಸ್ ಡಬ್ಬಿ ಯಾಕೆ ಎಂದಳು.

೨೭ ಜುಲೈ, ಮಧ್ಯಾಹ್ನ
ಪಿಎಚ್‌ಡಿ ಗೈಡ್ ಸಂಗಮೇಶ್ವರ ಸರ್ ಫೋನ್. ಮೂಗಿನ ಸ್ವಾಬ್ ರಿಸಲ್ಟ್ ಬಂದಿದೆ. ಹನ್ನೆರಡರಲ್ಲಿ ಎರಡಕ್ಕೆ ಮಾತ್ರ ಲಸಿಕೆ ಹತ್ತಿದೆ. ಎರಡನೇ ಡೋಸ್ ನಂತರ ಎಂಟಾದರೂ ಆಗದಿದ್ದರೆ ವಾಡಿಯ ಟ್ರಯಲ್ ಬಂದ್.

ಎರಡು ವರ್ಷದ ದುಡಿಮೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಊಟಕ್ಕೆ ಕೂತಾಗ ಅಜ್ಜಿ, ಎಷ್ಟು ಬೇಕಿತ್ತು, ಎಷ್ಟಾಯಿತು ಎಂದು ಕೇಳಿಕೊಂಡು ಎಲೆಗೆ ತುಪ್ಪ ಬಡಿಸಿದಳು.

೨೮ ಜುಲೈ
ಆ ಎರಡು ಯಾವುವು? ನಂಬರ್ ೪, ನಂಬರ್ ೯. ಸಾಬಮ್ಮ ಕಿವಿ ನೋಡಲಿಲ್ಲ, ಅವುಗಳ ಮುಖ ನೋಡಿ ನಕ್ಕಳು. ಉದ್ಯಾನ್, ಕೋಣಾರ್ಕ್. ಮೊದಲ ಡೋಸ್ ದಿನ ಮಲಗಿದ್ದವು ಇವೇ!

“ಮೂಗ್ ಬಿಗದ್ ಕಟ್ಟಿ ಮೂಗಿಗೇ ಔಷಧ ಹಾಕ್ತೀರಿ. ಒದರಾಕತ್ತಿದ್ ಹಂದಿ ಬಾಯಾಗ ಉಸರಾಡ್ತದ್ರಿ. ಹೊಟ್ಟಿ ಕೆರೀರಿ, ತಾನೇ ಮಲಗ್ತದ. ಉಸರು ಒಳಗ ಎಳಕೊಂಬಾಗ ಹೊಡೀರಿ.”

ಎಂಥ ದಡ್ಡಿ ನಾನು. ಕೂಡಲೇ ಕೆರೆಯಲು ಹೋದೆ. ಹನ್ನೆರಡೂ ದಿಕ್ಕಾಪಾಲು.

೩೦ ಜುಲೈ
ಇವತ್ತೂ ಓಡಿದವು. ಅವಳು ಕೈ ಹಾಕಿದರೆ ಮಗುವಿನ ಹಾಗೆ ಮಲಗುತ್ತವೆ. ಕೊನೆಗೆ ನನ್ನ ತೋಳು ಮೂಸಿ ನೋಡಿದಳು. ಗಂಧದ ಸೋಪು, ಮೇಲೆ ಡೆಟಾಲ್.

“ಜಳಕ ಮಾಡಿ ಬರಬ್ಯಾಡ್ರಿ ಡಾಕ್ಟರ್‌ಬಾಯಿ. ಮೂರು ದಿನ ನಮ್ಮ ವಾಸನಿ ಹತ್ತಲಿ.”

ನಮ್ಮ ಮನೆಯಲ್ಲಿ ಸ್ನಾನವಿಲ್ಲದೆ ಒಲೆಯೂ ಉರಿಯುವುದಿಲ್ಲ. ಹಂದಿ ಮುಟ್ಟಲು ಮಡಿಯಾಗಿ ಹೋಗುತ್ತಿದ್ದವಳು ಭೂಲೋಕದಲ್ಲಿ ನಾನೊಬ್ಬಳೇ ಇರಬೇಕು.

೧ ಆಗಸ್ಟ್
ಸ್ನಾನ ಬಿಟ್ಟು ಎರಡನೇ ದಿನ. ಅಜ್ಜಿಗೆ ಎಲ್ಲ ಬಿಡಿಸಿ ಹೇಳಿದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನನ್ನ ಚಾಪೆ ಹಿತ್ತಲ ಕಟ್ಟೆಗೆ ಬಂತು. ಮೇಲಿಂದ ಎಲೆಗೆ ಅನ್ನ ಬಿತ್ತು, ಮಾತು ಬೀಳಲಿಲ್ಲ. ಇವಳ ಮಡಿಲಲ್ಲೇ ಬೆಳೆದವಳು ನಾನು. ವಾಸನೆ ಹೋಗುತ್ತದೆ, ಈ ಮೌನ ಹೋಗುತ್ತದೋ ಇಲ್ಲವೋ... ಹೆದರಿಕೆ.

೩ ಆಗಸ್ಟ್, ಸೋಮವಾರ
ಸಾಬಮ್ಮನ ಹಳೇ ಸೀರೆ ಉಟ್ಟು ಕೂತೆ. ಮೊದಲು ಕೋಣಾರ್ಕ್ ಬಂದು ಮೂಸಿತು. ಹೊಟ್ಟೆ ಕೆರೆದೆ. ಧೊಪ್ಪಂತ ಮಲಗಿತು! ಒಂದರ ಹಿಂದೆ ಒಂದು. ಉಸಿರು ಒಳಗೆ, ಸ್ಪ್ರೇ ಒಳಗೆ. ಕಿರುಚಾಟವಿಲ್ಲ, ಸೀನಿಲ್ಲ. ಮದ್ರಾಸ್ ಮೇಲ್ ಮಾತ್ರ ಒಂದು ತಾಸು ಲೇಟ್, ಮನಸ್ಸಿಲ್ಲದ ಮನಸ್ಸಿಂದ ಬಂತು.

ಖುಷಿಗೆ ಸಾಬಮ್ಮನನ್ನು ತಬ್ಬಿಕೊಂಡೆ. ಮನೆಗೆ ಬಂದು ಮೂರು ಬಕೆಟ್ ನೀರು ಸುರಿದುಕೊಂಡೆ. ಅಜ್ಜಿ ಚಾಪೆ ಒಳಗೆ ಹಾಸಿದಳು. ಮಾತು ಇನ್ನೂ ಇಲ್ಲ.

೧೭ ಆಗಸ್ಟ್
ಸ್ವಾಬ್ ಕಳಿಸಿದೆ. ಟಿವಿ ತುಂಬ ಹಂದಿಜ್ವರ. ಅಜ್ಜಿ ಮೂಗಿಗೆ ಸೆರಗು ಹಿಡಿದು ನೋಡುತ್ತಾಳೆ. ನನ್ನ ಕಡೆಯೂ ಒಮ್ಮೊಮ್ಮೆ ನೋಡುತ್ತಾಳೆ.

೨೪ ಆಗಸ್ಟ್, ಸಂಜೆ ೫
ವಾಡಿಯಿಂದ ಬಂದು ಸ್ಟೇಷನ್ನಲ್ಲಿ ಇಳಿಯುವಾಗ ಸರ್ ಫೋನ್, ರಿಸಲ್ಟ್ ಬಂತು. ಓಡುತ್ತ ಬಂದೆ. ಅಜ್ಜಿ ಮಡಿಯಲ್ಲಿ ಹಿತ್ತಲ ಬಾಗಿಲಿಗೆ ನಿಂತಿದ್ದಳು. ದೂರದಲ್ಲೇ ನಿಂತೆ. ಸ್ನಾನ ಮಾಡಿ ಬಂದು ಹೇಳುತ್ತೇನೆ ಎಂದೆ.

“ಮೊದಲ ಹೇಳು. ಎಷ್ಟು?”

ಮೂರು ವಾರಕ್ಕೆ ಮೊದಲ ಮಾತು. ಹನ್ನೊಂದು ಎಂದೆ.

ಕಟ್ಟೆ ಇಳಿದು ಬಂದೇಬಿಟ್ಟಳು. ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಆಮೇಲೆ ತನ್ನ ಕೈ ತಾನೇ ನೋಡಿಕೊಂಡು ನಿಂತಳು. ಮಡಿ ಹೋಯಿತು! ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಒಂದೇ ಹಂಡೆ ಬಿಸಿನೀರು, ಇಬ್ಬರು ಮೈಲಿಗೆಯವರು. ಹಿರಿಯರು ಮೊದಲು ಎಂದು ಅವಳನ್ನೇ ಕಳಿಸಿ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಉಳಿದದ್ದು ಯಾವುದು ಎಂದು ಬಚ್ಚಲಿಂದಲೇ ಕೇಳಿದಳು. ಮದ್ರಾಸ್ ಮೇಲ್ ಎಂದು ಕೂಗಿದೆ. ಚೊಂಬಿನ ಸದ್ದು ನಿಂತಿತು.

“ಪಮ್ಮೀ, ಆ ಹಂದಿ ಹೊಟ್ಟಿ ನೀ ಸರಿಯಾಗಿ ಕೆರದಿಲ್ಲ. ಇನ್ನೊಂದ್ ಸರ್ತಿ ಹೋದಾಗ—”

ಹಂದಿ ಎಂದಳು. ಅಜ್ಜಿ ಬಾಯಲ್ಲಿ ‘ಅವು’ ಅಲ್ಲ, ಹಂದಿ!