ವಾಪಸ್ ಬೇಕಂತೆ ಆ ಸ್ಕಾಟ್ಲೆಂಡ್ ನೋಟುಗಳು

ವಿಲ್ಫ್,

ಮೊದಲು ಬಾಗಿಲಿಗೆ ಚಿಲಕ ಹಾಕು, ಆಮೇಲೆ ಓದು.

ನಿನ್ನೆ ಸೂಪರ್ ಮಾರ್ಕೆಟ್ ಮುಂದೆ ಕಾರು ಮಾರಿ ನೀನು ತಂದ ಸ್ಕಾಟ್ಲೆಂಡಿನ ನೋಟುಗಳನ್ನು ಬೆಳಿಗ್ಗೆ ಬ್ಯಾಂಕಿನಲ್ಲಿ ತೋರಿಸಿದೆ. ಎಲ್ಲ ಅಸಲಿಯೇ. ಇಲ್ಲಿ ಕಾಣದ ನೋಟು, ಖೋಟಾ ಇರಬೇಕು ಅಂತ ನಾನಂದಿದ್ದಕ್ಕೆ "ಕಾರ್ನ್‌ವಾಲ್ ಬಿಟ್ಟು ಆಚೆ ಹೋಗಿದ್ರೆ ತಾನೇ ನಿಂಗೆ ಗೊತ್ತಾಗೋದು" ಅಂತ ಆಡಿಕೊಂಡೆಯಲ್ಲ, ಅಷ್ಟರಮಟ್ಟಿಗೆ ನೀನೇ ಗೆದ್ದೆ. ಆದರೆ ಅಂಚಿನ ನೇರಳೆ ಕಲೆ ಪೆನ್ನಿನ ಶಾಯಿಯಲ್ಲ. ಕಳ್ಳರು ಬ್ಯಾಂಕಿನ ಹಣದ ಪೆಟ್ಟಿಗೆ ಒಡೆದರೆ ನೋಟಿನ ಮೇಲೆ ಚಿಮ್ಮುವ ಬಣ್ಣವಂತೆ. ಕೌಂಟರಿನ ಹೆಂಗಸು ನೋಟುಗಳನ್ನು ಇಟ್ಟುಕೊಂಡು ಪೊಲೀಸರಿಗೆ ಫೋನ್ ಮಾಡಿದಳು. ಹೇಳಿಕೆ ಕೊಡಲು ಹೊರಟಿದ್ದೇನೆ.

ಈಗಷ್ಟೇ ಕಾರು ಕೊಂಡವನ ಫೋನ್ ಬಂತು. "ತಪ್ಪು ಕವರ್ ಕೊಟ್ಬಿಟ್ಟೆ ಅಮ್ಮಾ. ನಾಲ್ಕು ಗಂಟೆಗೆ ಬಂದು ಇಂಗ್ಲೆಂಡಿನ ನೋಟೇ ಕೊಡ್ತೀನಿ. ಅವನ್ನ ಮುಟ್ಬೇಡಿ." ದನಿ ಬೆಣ್ಣೆಯಂತಿತ್ತು. ವಿಳಾಸ ಮಾತ್ರ ಕೇಳಲಿಲ್ಲ. ಕಾರಿನ ನೋಂದಣಿ ಪತ್ರದಲ್ಲಿ ಕೊಂಡವನಿಗೆ ಸೇರುವ ಹಸಿರು ತುಂಡು ಮಾತ್ರ ಹರಿದು ಕೊಡು ಅಂತ ಎಷ್ಟು ಬಡಕೊಂಡೆ. ನಮ್ಮ ವಿಳಾಸವಿರುವ ಇಡೀ ಪತ್ರವನ್ನೇ ಕೊಟ್ಟು ಬಂದಿದ್ದೀಯ.

ಪೈ ಓವನ್ನಿನಲ್ಲಿದೆ, ತಿನ್ನು. ನಾಲ್ಕರೊಳಗೆ ನಾಯಿಯನ್ನು ಕರೆದುಕೊಂಡು ಹಿಂಬಾಗಿಲಿಂದ ಅಕ್ಕನ ಮನೆಗೆ ಹೋಗು. ಅಲ್ಲಿಯವರೆಗೆ ಯಾರು ಬಡಿದರೂ ತೆಗೆಯಬೇಡ.

ಅವು ಖೋಟಾ ಆಗಿದ್ದರೇ ಚೆನ್ನಾಗಿತ್ತು, ವಿಲ್ಫ್. ಖೋಟಾ ನೋಟನ್ನು ಯಾರೂ ವಾಪಸ್ ಕೇಳಿಕೊಂಡು ಬರುವುದಿಲ್ಲ.

ಹೇಝಲ್